ಬಾಡಿಗೆ ಮನೆಯ ಕಾರ್ ಷೆಡ್ಡಿಗೆ ಎತ್ತಿಡಬಹುದಾದ ನೆಲಹಾಸು

ಶಿವಮೊಗ್ಗದ ಈ ಬಾಡಿಗೆ ಮನೆಗೆ ನಾವು ಬಂದದ್ದು ಜೂನ್ ಮೊದಲ ವಾರದಲ್ಲಿ, ಮಳೆ ಹಿಡಿಯುವ ಹೊತ್ತಿಗೆ. ಮನೆಗೆ ಅಂಟಿಕೊಂಡಂತೆ ಒಂದು ಕಾರ್ ಷೆಡ್ ಇದೆ. ಗ್ಯಾರೇಜ್ ಎಂದರೆ ನಮ್ಮಲ್ಲಿ ಮೆಕ್ಯಾನಿಕ್ ಅಂಗಡಿಯೇ ಮೊದಲು ನೆನಪಾಗುವುದರಿಂದ ಇದನ್ನು ಷೆಡ್ ಎಂದೇ ಕರೆಯುತ್ತೇನೆ. ಒಳಗಿನ ಅಳತೆ ಐದೂವರೆ ಮೀಟರ್ ಉದ್ದ, 3.05 ಮೀಟರ್ ಅಗಲ. ಮೇಲೆ ಶೀಟಿನ ಮಾಡು, ಮುಂದೆ ರೋಲಿಂಗ್ ಷಟರ್, ಹಿಂದೆ ಅಡುಗೆಮನೆಯ ಗೋಡೆ. ಎಡಗೋಡೆಯ ಆಚೆ ಪಕ್ಕದ ಮನೆಯವರ ಹಿತ್ತಲು, ಅದು ನಮ್ಮ ನೆಲಕ್ಕಿಂತ ಸುಮಾರು ಎರಡು ಅಡಿ ಎತ್ತರದಲ್ಲಿದೆ. ಈ ಎರಡು ಅಡಿಯೇ ಮುಂದಿನ ಕಥೆಯನ್ನೆಲ್ಲ ನಡೆಸಿತು.

ನಮ್ಮದು ಚಿಕ್ಕ ಕಾರು, ನಾಲ್ಕು ಮೀಟರ್ ಕೂಡ ಇಲ್ಲ. ಅದನ್ನು ನಿಲ್ಲಿಸಿದ ಮೇಲೆ ಹಿಂದೆ ಉಳಿಯುವ ಜಾಗದಲ್ಲಿ ನನ್ನ ಮರಗೆಲಸದ ಬೆಂಚು. ಪಕ್ಕದಲ್ಲಿ ಸ್ಕೂಟರ್. ರಜಾದಿನಗಳಲ್ಲಿ ಕಾರನ್ನು ಹೊರಗೆ ನಿಲ್ಲಿಸಿ ಮಣೆ, ಸ್ಟೂಲು, ಪುಸ್ತಕದ ಕಪಾಟು ಮಾಡುತ್ತೇನೆ. ಸ್ಕೂಟರಿನ ಆಯಿಲ್ ಬದಲಿಸುವುದು, ಬ್ರೇಕ್ ಬಿಗಿ ಮಾಡುವುದು ಕೂಡ ಇಲ್ಲೇ.

ಮೊದಲ ವಾರದಲ್ಲೇ ತೊಂದರೆ ಕೊಟ್ಟದ್ದು ದೂಳು. ಗುಡಿಸಿದಷ್ಟೂ ನೆಲದಿಂದಲೇ ಬೂದು ಬಣ್ಣದ ಪುಡಿ ಏಳುತ್ತಿತ್ತು. ವಾರ್ನಿಷ್ ಹಚ್ಚಿ ಒಣಗಲು ಇಟ್ಟ ಮಣೆಯ ಮೇಲೆ ಬೆಳಗಾಗುವಷ್ಟರಲ್ಲಿ ಮರಳುಕಾಗದದಂಥ ಪದರ ಕೂತಿತ್ತು. ಬೇರೊಂದು ಕೆಲಸಕ್ಕೆ ಬಂದಿದ್ದ ಮೇಸ್ತ್ರಿಗೆ ತೋರಿಸಿದೆ. ಅವರು ಮೊಳೆಯ ತುದಿಯಿಂದ ನೆಲವನ್ನು ಕೆರೆದು ನೋಡಿ, "ಕಾಂಕ್ರೀಟಿಗೆ ನೀರು ಹೆಚ್ಚಾಗಿದೆ ಸಾರ್. ನೀರು ಮೇಲೆ ಬಂದು ನಿಂತಾಗ ಒಣ ಸಿಮೆಂಟು ಉದುರಿಸಿ ತಿಕ್ಕಿದ್ದಾರೆ. ಕ್ಯೂರಿಂಗೂ ಆಗಿಲ್ಲ" ಎಂದರು. ಹಾಗೆ ಮಾಡಿದಾಗ ಮೇಲ್ಮೈಯಲ್ಲಿ ಕೆನೆಯಂತೆ ಕಟ್ಟುವ ಸಿಮೆಂಟಿನ ಪದರಕ್ಕೆ ಕೆಳಗಿನ ಕಾಂಕ್ರೀಟಿನ ಗಟ್ಟಿತನ ಇರುವುದಿಲ್ಲ. ಓಡಾಡಿದಷ್ಟೂ ಅದು ಪುಡಿಯಾಗುತ್ತಲೇ ಇರುತ್ತದೆ.

ಮನೆಯ ಮಾಲೀಕರು ನಿವೃತ್ತರು, ಮೆದುಮಾತಿನವರು. ಕೇಳಿದಾಗ, "ಏನು ಬೇಕಾದರೂ ಹಾಸಿಕೊಳ್ಳಿ. ಅಂಟಿಸಬೇಡಿ, ಮೊಳೆ ಹೊಡೆಯಬೇಡಿ" ಎಂದರು. ಅಲ್ಲಿಗೆ ಎಪಾಕ್ಸಿ ಬಣ್ಣದ, ಅಂದರೆ ನೆಲಕ್ಕೆ ಬಳಿದರೆ ಗಟ್ಟಿ ಪದರವಾಗಿ ಅಂಟಿಕೊಳ್ಳುವ ರಾಳದ ಬಣ್ಣದ, ಯೋಚನೆ ಮುಗಿಯಿತು. ಅವರು ಒಪ್ಪಿದ್ದರೂ ನಾನು ಬಳಿಯುತ್ತಿರಲಿಲ್ಲ. ಪುಡಿ ಏಳುವ ಪದರದ ಮೇಲೆ ಬಳಿದ ಬಣ್ಣ ಆ ಪುಡಿಯನ್ನೇ ಹಿಡಿದುಕೊಂಡಿರುತ್ತದೆ, ನೆಲವನ್ನಲ್ಲ. ಮಳೆಗಾಲದಲ್ಲಿ ಕೆಳಗಿನಿಂದ ಏರುವ ಪಸೆಗೆ ಹೊರಬರಲು ದಾರಿಯಿಲ್ಲದೆ ಅದು ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ದೂರದ ಓಡಾಟ ಮುಗಿಸಿ ಬಿಸಿ ಟೈರಿನೊಂದಿಗೆ ನಿಂತ ಕಾರು ಮರುದಿನ ಹೊರಡುವಾಗ ಸಡಿಲ ಬಣ್ಣವನ್ನು ಟೈರಿಗೆ ಅಂಟಿಸಿಕೊಂಡೇ ಹೋಗುತ್ತದೆ. ಹೀಗೆ ಎದ್ದುಹೋದ ನೆಲವನ್ನು ಪರಿಚಯದವರ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಏನು ಹಾಸಬೇಕು? ಅಂಗಡಿಗೆ ಹೋಗುವ ಮುನ್ನ ನೆಲವನ್ನೇ ಕೇಳಬೇಕು ಎಂದುಕೊಂಡೆ. ಜುಲೈ ತಿಂಗಳ ಜಡಿಮಳೆಯಲ್ಲಿ ದಪ್ಪ ಪಾಲಿಥೀನ್ ಹಾಳೆಯಿಂದ 45 ಸೆಂಟಿಮೀಟರ್ ಚೌಕದ ಮೂರು ತುಂಡು ಕತ್ತರಿಸಿದೆ. ಒಂದನ್ನು ಎಡಗೋಡೆಯ ಬುಡದಲ್ಲಿ, ಒಂದನ್ನು ನಡುವೆ, ಇನ್ನೊಂದನ್ನು ಹಿಂಗೋಡೆಯ ಹತ್ತಿರ ಇಟ್ಟು, ಗಾಳಿ ನುಸುಳದಂತೆ ನಾಲ್ಕೂ ಅಂಚಿಗೆ ಟೇಪು ಹಚ್ಚಿದೆ. ಇದು ಎಎಸ್‌ಟಿಎಂ ಡಿ 4263 ಎಂಬ ಅಮೆರಿಕದ ಮಾನಕದಲ್ಲಿರುವ, ಕಾಂಕ್ರೀಟಿನ ಪಸೆ ತಿಳಿಯುವ ಸರಳ ಪರೀಕ್ಷೆ. ಕನಿಷ್ಠ 16 ಗಂಟೆ ಬಿಡಬೇಕು, ನಾನು ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಬಣ್ಣ ಬಳಿಯುವಾಗ ಅಂಚಿಗೆ ಹಚ್ಚುವ ಟೇಪು ದೂಳಿನ ನೆಲಕ್ಕೆ ಹಿಡಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅಗಲದ ಪ್ಯಾಕಿಂಗ್ ಟೇಪು ಹಚ್ಚಿದ ಮೇಲೆ ನಿಂತಿತು.

ಮರುದಿನ ಎಡಗೋಡೆಯ ಬುಡದ ಹಾಳೆಯ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು, ಕೆಳಗಿನ ಕಾಂಕ್ರೀಟು ಕಪ್ಪಾಗಿತ್ತು. ನಡುವಿನ ಹಾಳೆಯ ಕೆಳಗೆ ಹನಿಯಿರಲಿಲ್ಲ, ನೆಲದ ಬಣ್ಣ ಮಾತ್ರ ಸ್ವಲ್ಪ ಗಾಢವಾಗಿತ್ತು. ಹಿಂಗೋಡೆಯ ಹತ್ತಿರದ್ದು ಒಳಗೆ ಪೂರ್ತಿ ಒಣ, ಆದರೆ ಹಾಳೆಯ ಮೇಲುಮೈ ಒದ್ದೆ! ಈ ಕೊನೆಯದೇ ನನಗೆ ಬಹಳ ಕಲಿಸಿತು. ಮಳೆಗಾಲದಲ್ಲಿ ನೆಲ ಒದ್ದೆಯಾಗುವುದಕ್ಕೆ ಎರಡು ಕಾರಣಗಳಿವೆ. ಒಂದು, ಮಣ್ಣಿನಿಂದ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಏರುವ ಪಸೆ. ಇನ್ನೊಂದು, ತೇವ ತುಂಬಿದ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ನೀರಾಗುವುದು, ನಾವು ನೆಲ ಬೆವರುತ್ತಿದೆ ಎನ್ನುವುದು ಇದನ್ನೇ. ಹಾಳೆಯ ಕೆಳಗೆ ನೀರಿದ್ದರೆ ಮೊದಲನೆಯದು, ಮೇಲಿದ್ದರೆ ಎರಡನೆಯದು. ನಮ್ಮ ಷೆಡ್ಡಿನಲ್ಲಿ ಎಡಭಾಗ ಮಣ್ಣಿನಿಂದ ಕುಡಿಯುತ್ತಿತ್ತು, ಹಿಂಭಾಗ ಬರೀ ಬೆವರುತ್ತಿತ್ತು. ಅಂದರೆ ಕಾರು ನಿಲ್ಲುವಲ್ಲಿ ಅಡಿಯಿಂದ ಗಾಳಿಯಾಡುವ ಹಾಸು ಬೇಕು, ಬೆಂಚಿನ ಹತ್ತಿರ ಮುಚ್ಚಿದ ಹಾಸಾದರೂ ನಡೆಯುತ್ತದೆ. ಇಡೀ ಷೆಡ್ಡಿಗೆ ಒಂದೇ ವಸ್ತು ಹಾಸಬೇಕೆಂಬ ಹಟವನ್ನು ಅಂದೇ ಬಿಟ್ಟೆ.

ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಮಾದರಿಗಳ ಪರೀಕ್ಷೆ. ಸಿಕ್ಕಿದ ಕಡೆಯೆಲ್ಲ ಒಂದೊಂದು ತುಂಡು ತಂದೆ. ಮೇಲೆ ಸ್ಕೂಟರನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ರಾತ್ರಿಯಿಡೀ ನಿಲ್ಲಿಸುವುದು, ಎಂಜಿನ್ ಆಯಿಲ್, ಪೆಟ್ರೋಲ್, ಬ್ರೇಕ್ ಆಯಿಲ್ ಒಂದೊಂದು ಹನಿ ಬಿಟ್ಟು ಎರಡು ದಿನ ಕಾಯುವುದು, ಎಡಗೋಡೆಯ ಬುಡದಲ್ಲಿ ಒಂದು ವಾರ ಹಾಸಿ ಕೆಳಗೆ ಏನಾಗಿದೆ ಎಂದು ಎತ್ತಿ ನೋಡುವುದು, ಇಷ್ಟು.

ಮಕ್ಕಳ ಕೋಣೆಗೆ ಹಾಕುವ ಫೋಮ್ ಚಾಪೆಯನ್ನು ಬೆಳಗ್ಗೆ ನೋಡಿದರೆ ಸ್ಟ್ಯಾಂಡಿನ ಎರಡು ಕಾಲೂ ತೂತು ಮಾಡಿದ್ದವು. ಸುರುಳಿಯಾಗಿ ಬರುವ ವಿನೈಲ್ ಶೀಟು ಅಗ್ಗ, ಹಾಸುವುದು ಸುಲಭ, ಆದರೆ ವಾರದ ಕೊನೆಗೆ ಅದರ ಅಡಿಯಲ್ಲಿ ಬೂಷ್ಟು ಹಿಡಿದು ವಾಸನೆ ಬಂತು. ಮೇಸ್ತ್ರಿ ಸೂಚಿಸಿದ್ದು ಕಡಪ ಕಲ್ಲು, ಮರಳಿನ ಮೇಲೆ ಸಿಮೆಂಟಿಲ್ಲದೆ ಕೂರಿಸುವುದು. ಗಟ್ಟಿತನದಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಲೆಕ್ಕ ಹಾಕಿದೆ: 20 ಮಿಲಿಮೀಟರ್ ದಪ್ಪದ ಕಲ್ಲು ಚದರ ಮೀಟರಿಗೆ ಸುಮಾರು 54 ಕಿಲೋ, ಇಡೀ ಷೆಡ್ಡಿಗೆ ಒಂಬತ್ತು ಕ್ವಿಂಟಲ್. ಸ್ವಂತ ಮನೆಯಾಗಿದ್ದರೆ ಕಣ್ಣು ಮುಚ್ಚಿ ಹಾಕಿಸುತ್ತಿದ್ದೆ. ಬಾಡಿಗೆ ಮನೆಯಿಂದ ಹೊರಡುವ ದಿನ ಅದನ್ನು ಹೊರುವವರು ಯಾರು?

ಪಿವಿಸಿ ಟೈಲ್ ನನ್ನ ಮನಸ್ಸಿಗೆ ಹಿಡಿಸಿತ್ತು. ಏಳು ಮಿಲಿಮೀಟರ್ ದಪ್ಪ, ಒಂದಕ್ಕೊಂದು ಹಲ್ಲಿನಂತೆ ಕೂರುತ್ತದೆ, ನಡೆದರೆ ಸದ್ದಿಲ್ಲ, ಸ್ಟ್ಯಾಂಡಿನ ಗುರುತು ಅರ್ಧ ದಿನದಲ್ಲಿ ಮಾಯ. ತಿಳಿಬೂದು ಬಣ್ಣದ ಒಂದು ಟೈಲನ್ನು ಕಾರಿನ ಮುಂದಿನ ಚಕ್ರದ ಕೆಳಗೆ ಮೂರು ವಾರ ಇಟ್ಟಿದ್ದೆ. ತೆಗೆದಾಗ ಟೈರಿನ ಅಚ್ಚು ಕಂದು ಬಣ್ಣದಲ್ಲಿ ಮೂಡಿತ್ತು. ಸೋಪು, ಸೀಮೆಎಣ್ಣೆ, ಪೆಟ್ರೋಲ್ ಯಾವುದಕ್ಕೂ ಹೋಗಲಿಲ್ಲ. ಅದು ಮೇಲೆ ಕೂತ ಕೊಳೆಯಲ್ಲ, ಟೈಲಿನ ಒಳಕ್ಕೇ ಇಳಿದ ಬಣ್ಣ. ಟೈರಿನ ರಬ್ಬರ್ ಬಿರುಕು ಬಿಡದಿರಲೆಂದು ಅದಕ್ಕೆ ಸೇರಿಸಿರುವ ರಾಸಾಯನಿಕಗಳು, ಪಿವಿಸಿಯನ್ನು ಮೆದುವಾಗಿಸಲು ಬೆರೆಸಿರುವ ಎಣ್ಣೆಯಂಥ ಪದಾರ್ಥದ ಜೊತೆ ಸೇರಿ ಒಳಗೆ ಸಾಗುತ್ತವೆ. ಕಪ್ಪು ಟೈಲ್ ತೆಗೆದುಕೊಂಡರೆ ಕಾಣುವುದಿಲ್ಲ, ನಿಜ. ಆದರೆ ಅದರ ತಳ ಸಪಾಟಾಗಿರುವುದರಿಂದ ಎಡಗೋಡೆಯ ಪಸೆಗೆ ಹೊರಬರಲು ದಾರಿಯಿರಲಿಲ್ಲ. ಒಣ ನೆಲವಿರುವವರು, ಗಾಢ ಬಣ್ಣ ಒಪ್ಪುವವರು ಇದನ್ನು ಧೈರ್ಯವಾಗಿ ಹಾಕಬಹುದು.

ವ್ಯಾಯಾಮಶಾಲೆಗಳಲ್ಲಿ ಹಾಸುವ ಎಂಟು ಮಿಲಿಮೀಟರಿನ ರಬ್ಬರ್ ಮ್ಯಾಟು ಕಾಲಿಗೆ ಸುಖ. ಉಳಿ ಕೈಜಾರಿ ಬಿದ್ದರೂ ಬಾಯಿ ಮುಕ್ಕಾಗುವುದಿಲ್ಲ. ಆದರೆ ಪೆಟ್ರೋಲ್ ಮತ್ತು ಆಯಿಲ್ ಬಿದ್ದ ಜಾಗ ಎರಡು ದಿನದಲ್ಲಿ ಉಬ್ಬಿ, ಉಗುರಿನಿಂದ ಕೆರೆದರೆ ಎದ್ದುಬರುವಷ್ಟು ಮೆತ್ತಗಾಯಿತು. ಸಾಧಾರಣ ರಬ್ಬರಿಗೂ ಪೆಟ್ರೋಲಿಯಂ ಎಣ್ಣೆಗೂ ಆಗಿಬರುವುದಿಲ್ಲ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನ ಮ್ಯಾಟಿನ ಬೆಲೆ ನನ್ನ ಕೈಗೆಟುಕಲಿಲ್ಲ.

ಕೊನೆಗೆ ಉಳಿದದ್ದು ಪಾಲಿಪ್ರೊಪಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಜಾಲರಿ ಟೈಲ್. 300 ಮಿಲಿಮೀಟರ್ ಚೌಕ, ಮೇಲೆ ಜಾಲರಿ, ಕೆಳಗೆ ಸಣ್ಣ ಸಣ್ಣ ಕಾಲುಗಳು, ಎರಡು ಬದಿಗೆ ಕೊಂಡಿ, ಎರಡು ಬದಿಗೆ ಅದು ಕೂರುವ ಕಿವಿ. ಕಾಲುಗಳ ಮೇಲೆ ನಿಲ್ಲುವುದರಿಂದ ನೆಲಕ್ಕೂ ಟೈಲಿಗೂ ನಡುವೆ ಗಾಳಿ ಓಡಾಡುತ್ತದೆ, ಕಾರಿನಿಂದ ಸುರಿದ ಮಳೆನೀರು ಅಡಿಯಲ್ಲೇ ಹರಿದು ಹೋಗುತ್ತದೆ. ಆಯಿಲ್, ಬ್ರೇಕ್ ಆಯಿಲ್ ಒರೆಸಿದರೆ ಗುರುತೂ ಇಲ್ಲ. ಟೈರಿನ ಕಲೆ ಹಿಡಿಯಲಿಲ್ಲ. ದೋಷಗಳೂ ಇವೆ: ನಡೆದರೆ ಟಕಟಕ ಸದ್ದು, ಬರಿಗಾಲಿಗೆ ಹಿತವಿಲ್ಲ, ಬಿದ್ದ ಸ್ಕ್ರೂ ಜಾಲರಿಯೊಳಗೆ ಮಾಯ.

ಭಾರದ ಲೆಕ್ಕದಲ್ಲಿ ನನಗೆ ಒಂದು ತಪ್ಪು ಕಲ್ಪನೆಯಿತ್ತು. ಕಾರು ಭಾರ, ಸ್ಕೂಟರ್ ಹಗುರ, ಹಾಗಾಗಿ ಟೈಲ್ ಒಡೆದರೆ ಕಾರಿನಿಂದಲೇ ಎಂದುಕೊಂಡಿದ್ದೆ. ಅದು ತಲೆಕೆಳಗು. ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. 32 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್) ಎಂದರೆ ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ. ಸ್ಕೂಟರಿನ ಸೆಂಟರ್ ಸ್ಟ್ಯಾಂಡಿನ ಎರಡು ಕಾಲುಗಳು ನೆಲ ಮುಟ್ಟುವ ಜಾಗ ಅಳೆದೆ, ಎರಡೂ ಸೇರಿ ಆರು ಚದರ ಸೆಂಟಿಮೀಟರ್. ಅದರ ಮೇಲೆ 70 ಕಿಲೋ ಕೂತರೂ ಚದರ ಸೆಂಟಿಮೀಟರಿಗೆ ಹನ್ನೆರಡು ಕಿಲೋ ಹತ್ತಿರ, ಟೈರಿನ ಐದು ಪಟ್ಟು. ಎಳೆದು ಸ್ಟ್ಯಾಂಡ್ ಹಾಕುವ ಕ್ಷಣದಲ್ಲಿ ಒಂದೇ ಕಾಲಿನ ಅಂಚಿನ ಮೇಲೆ ಭಾರ ಬೀಳುವುದರಿಂದ ಇನ್ನೂ ಹೆಚ್ಚು. ನನ್ನ ಮಾದರಿ ಟೈಲಿನ ಒಂದು ಜಾಲರಿ ಪಟ್ಟಿ ಬಿರಿದದ್ದು ಹೀಗೆಯೇ, ಕಾರು ಹತ್ತಿ ಇಳಿದಾಗ ಅದಕ್ಕೆ ಏನೂ ಆಗಿರಲಿಲ್ಲ. ಈಗ ಸ್ಕೂಟರ್ ನಿಲ್ಲುವಲ್ಲಿ 19 ಮಿಲಿಮೀಟರ್ ಪ್ಲೈವುಡ್ಡಿನ ತುಂಡೊಂದನ್ನು ಟೈಲಿನ ಮೇಲೆ ಹಾಕಿದ್ದೇನೆ.

ತೀರ್ಮಾನ ಹೀಗಾಯಿತು. ಷಟರಿನ ಕಡೆಯಿಂದ 4.2 ಮೀಟರ್ ಉದ್ದಕ್ಕೆ ಜಾಲರಿ ಟೈಲ್, ಅಡ್ಡಕ್ಕೆ 10, ಉದ್ದಕ್ಕೆ 14 ಸಾಲು, ಒಟ್ಟು 140. ಹಿಂದಿನ 1.2 ಮೀಟರಿಗೆ, ಪಸೆಯಿಲ್ಲದ ಕಡೆ, ರಬ್ಬರ್ ಮ್ಯಾಟು. ಟೈಲ್ ಒಂದಕ್ಕೆ 85 ರೂಪಾಯಿ. ಹತ್ತು ಹೆಚ್ಚುವರಿ ಸೇರಿಸಿ 150ಕ್ಕೆ 12,750. ಮುಂದಿನ ಸಾಲಿಗೆ ಇಳಿಜಾರಿನ ಅಂಚುಪಟ್ಟಿ ಹತ್ತಕ್ಕೆ 600. ರಬ್ಬರಿಗೆ 3,900. ಎಲ್ಲ ಸೇರಿ 17,250 ರೂಪಾಯಿ. ಬೂದು ಬಣ್ಣದ ನಡುವೆ ಎರಡು ಸಾಲು ಹಳದಿ ತೆಗೆದುಕೊಂಡೆ, ಕಾರಿನ ಚಕ್ರಗಳಿಗೆ ದಾರಿ ತೋರಿಸಲು. ಅಂದಕ್ಕೆಂದು ತಂದದ್ದು ಪ್ರತಿ ಸಂಜೆ ಉಪಯೋಗಕ್ಕೆ ಬರುತ್ತಿದೆ.

ಹಾಸುವ ಮುನ್ನ ನೆಲದ ಕೆಲಸ. ತಂತಿಬ್ರಷ್ಷಿನಿಂದ ಸಡಿಲ ಪದರವನ್ನೆಲ್ಲ ಉಜ್ಜಿ ತೆಗೆದೆ, ಮೂಗಿಗೆ ಮುಖಗವಸು ಕಟ್ಟಿಕೊಂಡು, ನೆಲಕ್ಕೆ ನೀರು ಚಿಮುಕಿಸಿಕೊಂಡು. ಸಿಮೆಂಟಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಈ ಎರಡನ್ನೂ ಬಿಡಬೇಡಿ. ಎಣ್ಣೆಯ ಕಲೆಗಳಿಗೆ ಅಮ್ಮ ಸೀಗೆಪುಡಿ ಕೊಟ್ಟರು: "ತಲೆಯ ಎಣ್ಣೆ ಬಿಡಿಸುವುದು ನೆಲದ ಎಣ್ಣೆಯನ್ನು ಬಿಡಿಸುವುದಿಲ್ಲವೇ?" ಹೊಸ ಕಲೆಗಳನ್ನು ಅದು ಚೆನ್ನಾಗಿಯೇ ಎಬ್ಬಿಸಿತು. ಹಿಂದಿನ ಬಾಡಿಗೆದಾರರ ಕಾಲದ ಹಳೆಯ ಕಲೆಗಳು ವಾಷಿಂಗ್ ಸೋಡಾದ ಬಿಸಿನೀರಿಗೂ ಪೂರ್ತಿ ಹೋಗಲಿಲ್ಲ, ಮಸುಕಾದವು. ಆಸಿಡ್ ಹಾಕಲು ಮನಸ್ಸಾಗಲಿಲ್ಲ, ನೆಲ ನಮ್ಮದಲ್ಲ. ರಸಮಟ್ಟ ಮತ್ತು ದಾರ ಹಿಡಿದು ವಾಟ ನೋಡಿದೆ: ಹಿಂಗೋಡೆಯಿಂದ ಷಟರಿನವರೆಗೆ ನಾಲ್ಕು ಸೆಂಟಿಮೀಟರ್ ಇಳಿಜಾರು. ನೀರು ಹೊರಕ್ಕೇ ಹೋಗುತ್ತದೆ ಎಂದು ನೆಮ್ಮದಿಯಾಯಿತು.

ನವೆಂಬರಿನ ಒಂದು ಭಾನುವಾರ ಅಕ್ಕನ ಮಗನನ್ನು ಜೊತೆ ಮಾಡಿಕೊಂಡು ಹಾಸಲು ಕೂತೆ. ಗೋಡೆಯನ್ನು ನಂಬಿ ಶುರು ಮಾಡಬಾರದು ಎಂಬುದು ಮೊದಲೇ ಗೊತ್ತಿತ್ತು, ಯಾಕೆಂದರೆ ಮುಂದೆ 3.05 ಇದ್ದ ಅಗಲ ಹಿಂದೆ 3.02ಕ್ಕೆ ಇಳಿದಿತ್ತು. ಷಟರಿನ ಒಳಬದಿಗೆ ದಾರ ಹಿಡಿದು, ಅದರ ನಡುಬಿಂದುವಿನಿಂದ ಹಿಂದಕ್ಕೆ ಇನ್ನೊಂದು ದಾರ. ಮೂಲೆಮಟ್ಟ ಇಷ್ಟು ದೊಡ್ಡ ಜಾಗಕ್ಕೆ ಸಾಲದು. ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವಂತೆ ಜರುಗಿಸಿದರೆ ಮೂಲೆ ಸರಿಯಾದ ಲಂಬಕೋನಕ್ಕೆ ಕೂಡಿದಂತೆ. ನಡುವಿನ ಗೆರೆಯಿಂದ ಎಡಕ್ಕೆ ಐದು, ಬಲಕ್ಕೆ ಐದು. ಕೊಂಡಿಯ ಬದಿ ಎಲ್ಲ ಟೈಲಿಗೂ ಒಂದೇ ದಿಕ್ಕಿಗಿರಬೇಕು. ಕೊಂಡಿ ಕಿವಿಯೊಳಗೆ ಬಿದ್ದಾಗ ಬರುವ ಟಕ್ ಸದ್ದು ಕೇಳದಿದ್ದರೆ ಅದು ಕೂತಿಲ್ಲ. ರಬ್ಬರ್ ಸುತ್ತಿಗೆ ತಂದಿದ್ದೆವು, ಕೊನೆಗೆ ಹಿಮ್ಮಡಿಯೇ ಸಾಕಾಯಿತು. ಮೂರು ಗಂಟೆಯೊಳಗೆ 140 ಟೈಲ್ ಕೂತವು. ಮೊದಲ ಸಾಲು ಷಟರಿನ ಗೆರೆಗಿಂತ ಒಳಗೇ ನಿಲ್ಲಬೇಕು. ಇಲ್ಲವಾದರೆ ಷಟರ್ ಟೈಲಿನ ಮೇಲೆ ಕೂತು, ಅಡಿಯ ಸಂದಿಯಿಂದ ಇಲಿ, ಹಲ್ಲಿ, ಮಳೆ ಎಲ್ಲವೂ ಒಳಗೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಸರಿಯಿತ್ತು. ಎರಡೂ ಗೋಡೆಯ ಬದಿಗೆ ಉಳಿದ ಬೆರಳಗಲದ ಸಂದಿ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮರದ ಪಟ್ಟಿ ಸೀಳಿ, ನುಣುಪು ಮಾಡಿ, ಎರಡೂ ಬದಿಗೆ ಬಿಗಿಯಾಗಿ ಕೂರಿಸಿದೆ. ನೋಡಲು ಬಹಳ ಚೆನ್ನಾಗಿತ್ತು, ಮಾರ್ಚ್‌ವರೆಗೆ. ಒಂದು ಮಧ್ಯಾಹ್ನ ಷಟರ್ ತೆರೆದಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಬಿಸಿಲು ಬಿದ್ದ ಮುಂದಿನ ಮೂರು ಸಾಲು ಎಣ್ಣೆಗೆ ಬಿಟ್ಟ ಹಪ್ಪಳದಂತೆ ನಡುವೆ ಎರಡು ಅಂಗುಲ ಎದ್ದು ನಿಂತಿತ್ತು. ಪಾಲಿಪ್ರೊಪಿಲೀನ್ ಬಿಸಿಗೆ ಚೆನ್ನಾಗಿ ಹಿಗ್ಗುವ ವಸ್ತು. ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಸೆಲ್ಸಿಯಸ್ಸಿಗೆ 0.1ರಿಂದ 0.15 ಮಿಲಿಮೀಟರ್. ಮೂರು ಮೀಟರ್ ಅಗಲ, 20 ಡಿಗ್ರಿ ವ್ಯತ್ಯಾಸ ಎಂದರೆ ಆರರಿಂದ ಒಂಬತ್ತು ಮಿಲಿಮೀಟರ್. ಅಷ್ಟು ಹಿಗ್ಗಲು ಜಾಗವಿಲ್ಲದೆ ಅದು ಮೇಲಕ್ಕೆ ಎದ್ದಿತ್ತು. ಪಟ್ಟಿಗಳನ್ನು ಕಿತ್ತೆಸೆದೆ. ಸಂಜೆಯ ಹೊತ್ತಿಗೆ ಸಾಲುಗಳು ತಾವಾಗಿಯೇ ಕೂತವು, ಎರಡು ಕೊಂಡಿ ಮಾತ್ರ ಮುರಿದಿದ್ದವು. ಕಣ್ಣಿಗೆ ಚುಚ್ಚಿದ್ದ ಆ ಸಂದಿಗಳನ್ನು ಈಗ ಪ್ರತಿ ತಿಂಗಳು ಗುಡಿಸಿ ಖಾಲಿ ಇಡುತ್ತೇನೆ.

ಬಳಸುತ್ತಾ ಕಲಿತದ್ದು ಇನ್ನೂ ಕೆಲವು. ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟೈಲಿನ ಕೊಂಡಿಗಳು ತಿರುಚಿಕೊಳ್ಳುತ್ತವೆ, ಸ್ವಲ್ಪವಾದರೂ ಉರುಳುತ್ತಿರುವಾಗಲೇ ತಿರುಗಿಸಬೇಕು. ಜ್ಯಾಕ್ ಹಾಕುವ ದಿನ ಆ ಜಾಗದ ನಾಲ್ಕು ಟೈಲ್ ಬಿಚ್ಚಿ ತೆಗೆದು ಜ್ಯಾಕನ್ನು ನೇರವಾಗಿ ಕಾಂಕ್ರೀಟಿನ ಮೇಲೆ ಕೂರಿಸುತ್ತೇನೆ. ಕಾರಿನ ಭಾರವನ್ನು ಪ್ಲಾಸ್ಟಿಕ್ ಕಾಲುಗಳ ಮೇಲೆ ಎತ್ತಿ ಅದರ ಅಡಿಗೆ ಹೋಗುವುದು ಜೀವದ ಜೊತೆ ಆಟ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಉರಿಯುತ್ತದೆ ಕೂಡ. ಹಾಗಾಗಿ ಗ್ರೈಂಡರಿನ ಕಿಡಿ ಹಾರುವ ಕೆಲಸವೆಲ್ಲ ಷಟರಿನ ಹೊರಗೆ. ಆಯಿಲ್ ಬದಲಿಸುವಾಗ ಕೆಳಗೆ ದೊಡ್ಡ ತಗಡಿನ ತಟ್ಟೆ ಇಟ್ಟೇ ಇಡುತ್ತೇನೆ, ಯಾಕೆಂದರೆ ಜಾಲರಿಯಿಂದ ಇಳಿದ ಎಣ್ಣೆ ಕಾಣುವುದಿಲ್ಲ, ಕಾಣದ ಎಣ್ಣೆ ಬೆಂಕಿಗೆ ಕಾದಿರುತ್ತದೆ. ಬಿದ್ದ ಸ್ಕ್ರೂಗಳಿಗೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿಕೊಂಡಿದ್ದೇನೆ.

ಈ ಮಳೆಗಾಲ ಪೂರ್ತಿ ಕಳೆಯಿತು. ಜುಲೈ ನಡುವೆ ಎಡಗೋಡೆಯ ಬುಡದ ಟೈಲ್ ಎತ್ತಿ ನೋಡಿದೆ. ನೆಲ ಒದ್ದೆಯಿತ್ತು, ಕಾರಿನ ಚಕ್ರ ತಂದ ಕೆಮ್ಮಣ್ಣು ತೆಳುವಾಗಿ ಕೂತಿತ್ತು, ಬೂಷ್ಟು ಇರಲಿಲ್ಲ, ವಾಸನೆಯೂ ಇರಲಿಲ್ಲ. ಮೇಲೆ ನಾನು ಒಣ ಕಾಲಲ್ಲಿ ನಿಂತಿದ್ದೆ. ವಾರ್ನಿಷ್ ಹಚ್ಚಿದ ಮಣೆಗಳ ಮೇಲೆ ಈಗ ಪುಡಿ ಕೂರುವುದಿಲ್ಲ.

ಆಯುಧಪೂಜೆಯ ಹಿಂದಿನ ದಿನ ಎಲ್ಲವನ್ನೂ ಎತ್ತಿದೆವು. ಹತ್ತು ಹತ್ತು ಟೈಲುಗಳ ಹದಿನಾಲ್ಕು ಕಟ್ಟು, ಅಂಗಳದಲ್ಲಿ ಪೈಪು ಹಿಡಿದು ತೊಳೆದು ಬಿಸಿಲಿಗೆ ಒರಗಿಸಿದ್ದಾಯಿತು. ಬರಿ ನೆಲ ನೋಡಲು ಮಾಲೀಕರೂ ಬಂದರು. ಎಡಗೋಡೆಯ ಬುಡದಲ್ಲಿ ಮಾತ್ರ ಬಿಳಿ ಉಪ್ಪು ಉದ್ದಕ್ಕೂ ಗೆರೆ ಎಳೆದಂತೆ ಎದ್ದಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಪಕ್ಕದವರ ಮಾಡಿನ ನೀರು ನೇರವಾಗಿ ಗೋಡೆಯ ಬುಡಕ್ಕೇ ಬೀಳುತ್ತಿದೆ, ಬೇಸಿಗೆಯಲ್ಲಿ ಮಾತನಾಡಿ ಒಂದು ಚರಂಡಿ ತೆಗೆಸುತ್ತೇನೆ ಎಂದರು. ರಬ್ಬರ್ ಮ್ಯಾಟಿನ ಕೆಳಗೆ ಒಣಗಿಯೇ ಇತ್ತು.

ಮರುದಿನ ಪೂಜೆ. ಉಳಿ, ಗರಗಸ, ಡ್ರಿಲ್ಲಿಗೆ ಹೂವು, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು, ಷಟರಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ. ಅಕ್ಕನ ಮಗ ಅದನ್ನು ಒಡೆದ ರಭಸಕ್ಕೆ ಕೆಂಪುನೀರು ಒಳಕ್ಕೂ ಸಿಡಿಯಿತು. ನಿಂಬೆಯ ರಸ ಒರೆಸಿದರೆ ಹೋಯಿತು, ಕುಂಕುಮ ಮಾತ್ರ ಮುಂದಿನ ಸಾಲಿನ ಎರಡು ಬೂದು ಟೈಲುಗಳ ಗೀರುಗಳೊಳಗೆ ಇಳಿದು ಕೂತಿತು. ಸಂಜೆ ಆ ಎರಡನ್ನು ಬಿಚ್ಚಿ ಸ್ಕೂಟರಿನ ಪ್ಲೈವುಡ್ಡಿನ ಅಡಿಗೆ ಹಾಕಿದೆ, ಅಲ್ಲಿದ್ದ ಎರಡನ್ನು ತಂದು ಮುಂದಿನ ಸಾಲಿಗೆ ಕೂರಿಸಿದೆ. ಹಿಮ್ಮಡಿಯಿಂದ ಒತ್ತಿದಾಗ ಎರಡು ಸಲ ಟಕ್ ಎಂದಿತು.